ಅಲೆ ಎದ್ದರೆ ಕೂಗುವ ಪೀಪಾಯಿ

ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಭತ್ತಕ್ಕೆ ಎರಚುವ ಪೊಟ್ಯಾಷ್ ನಮ್ಮ ನೆಲದ್ದಲ್ಲ. ಕೆನಡಾದಿಂದಲೋ ರಷ್ಯಾದಿಂದಲೋ ಜೋರ್ಡಾನಿನಿಂದಲೋ ಹಡಗೇರಿ ಬಂದದ್ದು. ಮಂಗಳೂರಿನಲ್ಲಿ ಸೋಸುವ ಕಚ್ಚಾ ತೈಲ, ಕಿರಾಣಿ ಅಂಗಡಿಯ ತಾಳೆಎಣ್ಣೆ, ಎಲ್ಲದರ ಕತೆಯೂ ಹೆಚ್ಚುಕಡಿಮೆ ಇದೇ. ಅಲೆ ನೋಡಬೇಕೆಂದರೆ ಘಟ್ಟ ಇಳಿಯಬೇಕಾದ ದಾವಣಗೆರೆ, ಹರಿಹರದ ಮಂದಿಯ ಬದುಕಿಗೂ ಸಮುದ್ರದ ಋಣವಿದೆ. ಆದ್ದರಿಂದ ಈ ಸಲ ಹಡಗಿನ ದಾರಿ ಕಾಯುವ ಒಂದು ವಿಚಿತ್ರ ಯಂತ್ರದ ಬಗ್ಗೆ ಬರೆದರೆ ಓದುಗರು ಬೇಸರ ಮಾಡಿಕೊಳ್ಳಲಾರರು. ನಡುನೀರಿನಲ್ಲಿ ಒಂಟಿಯಾಗಿ ತೇಲುತ್ತ, ಯಾರೂ ಕೀಲಿ ಕೊಡದೆ, ಕರೆಂಟು ಕೇಳದೆ, ಅಲೆ ಎದ್ದಾಗೆಲ್ಲ ತಾನಾಗಿಯೇ ಕೂಗುವ ಪೀಪಾಯಿ ಅದು.

ಮೊದಲು ಕೂಗದ ಪೀಪಾಯಿಗಳ ವಿಷಯ. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದ ಪಣಂಬೂರಿನ ನವಮಂಗಳೂರು ಬಂದರಿಗೆ ಹಡಗು ಮನಬಂದ ಕಡೆಯಿಂದ ನುಗ್ಗುವಂತಿಲ್ಲ. ಹೂಳೆತ್ತಿ ಆಳ ಮಾಡಿದ ಕಾಲುವೆಯಲ್ಲೇ ಬರಬೇಕು. ಗೆರೆ ತಪ್ಪಿದರೆ ಹಡಗಿನ ತಳ ನೆಲ ಕಚ್ಚುತ್ತದೆ. ಆ ಗೆರೆ ತೋರಿಸಲು ನೀರಿನ ಮೇಲೆ ತೇಲುವ ಗುರುತುಗಳಿರುತ್ತವೆ. ಬಂದರಿನವರು ಅವನ್ನು ಬೋಯ್ ಎನ್ನುತ್ತಾರೆ. ಉಕ್ಕಿನದೋ ಪ್ಲಾಸ್ಟಿಕ್ಕಿನದೋ ಟೊಳ್ಳು ಒಡಲು, ಸಮುದ್ರದ ತಳದಲ್ಲಿ ಕಾಂಕ್ರೀಟಿನ ದಿಮ್ಮಿ, ಎರಡರ ನಡುವೆ ದಪ್ಪ ಸರಪಳಿ, ತಲೆಯ ಮೇಲೊಂದು ಸೋಲಾರ್ ದೀಪ. ಒಳಬರುವ ಹಡಗಿನ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. 1980ರ ನವೆಂಬರಿನಲ್ಲಿ ಟೋಕಿಯೋದಲ್ಲಿ ದೇಶಗಳು ಕೂತು ಈ ಬಣ್ಣಗಳ ಬಗ್ಗೆ ಒಪ್ಪಂದ ಮಾಡಿಕೊಂಡವು. ಪೂರಾ ಒಪ್ಪಿಗೆ ಆಗ ಸಾಧ್ಯವಾಗಲಿಲ್ಲ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೀನ್ಸ್ ತಮ್ಮದು ಉಲ್ಟಾ ಎಂದು ಪಟ್ಟು ಹಿಡಿದವು. ಹಾಗಾಗಿ ಕೆನಡಾದ ಬಂದರಿನಲ್ಲಿ ಪೊಟ್ಯಾಷ್ ತುಂಬಿಕೊಳ್ಳಲು ಒಳಹೊಕ್ಕಾಗ ಬಲಕ್ಕಿದ್ದ ಕೆಂಪು, ಮಂಗಳೂರಿಗೆ ಬರುವಷ್ಟರಲ್ಲಿ ಎಡಕ್ಕೆ ಬಂದಿರುತ್ತದೆ. ಕ್ಯಾಪ್ಟನ್ ಅದನ್ನು ಮರೆತರೆ ದೇವರೇ ಗತಿ.

ಬಣ್ಣಕ್ಕೂ ದೀಪಕ್ಕೂ ಕಣ್ಣು ಬೇಕು. ಕಣ್ಣಿಗೆ ಏನೂ ಕಾಣದ ಹೊತ್ತಿನಲ್ಲಿ ಏನು ಮಾಡಬೇಕು ಎಂಬ ಪ್ರಶ್ನೆ ಉತ್ತರ ಅಟ್ಲಾಂಟಿಕ್ಕಿನ ದಡದಲ್ಲಿ ಬದುಕುವವರಿಗೆ ಬಹಳ ಹಳೆಯದು. ಕೆನಡಾದ ನ್ಯೂಫೌಂಡ್ಲೆಂಡ್ ಬಳಿ ದಕ್ಷಿಣದಿಂದ ಬರುವ ಬೆಚ್ಚನೆಯ ಪ್ರವಾಹವೂ ಉತ್ತರದಿಂದ ಇಳಿಯುವ ಕೊರೆಯುವ ಪ್ರವಾಹವೂ ಎದುರುಬದುರಾಗುತ್ತವೆ. ಬೆಚ್ಚನೆಯ ತೇವದ ಗಾಳಿ ತಣ್ಣೀರಿನ ಮೇಲೆ ಹಾದಾಗ ಅದರೊಳಗಿನ ಆವಿಯೆಲ್ಲ ಹನಿಗಟ್ಟಿ ಮಂಜಾಗುತ್ತದೆ. ಒಮ್ಮೆ ಕವಿದರೆ ದಿನಗಟ್ಟಲೆ ಕದಲುವುದಿಲ್ಲ. ಹಡಗಿನ ಹಿಂಭಾಗದಲ್ಲಿ ನಿಂತವನಿಗೆ ಅದರ ಮೂತಿಯೇ ಕಾಣದಂಥ ಮಂಜು. ಅಂಥ ಕಡೆ ಹುಟ್ಟಿದ್ದು ಕೂಗುವ ಬೋಯ್.

ಇವುಗಳಲ್ಲಿ ಸರಳವಾದದ್ದು ಗಂಟೆಯ ಬೋಯ್. ತೇಲುವ ಒಡಲಿನ ಮೇಲೆ ಕಬ್ಬಿಣದ ಚೌಕಟ್ಟು, ಅದರೊಳಗೆ ಅಲುಗದಂತೆ ಬಿಗಿದ ಕಂಚಿನ ಗಂಟೆ. ಗಂಟೆಯ ಒಳಗೆ ನಾಲಿಗೆ ಇಲ್ಲ. ಹೊರಗೆ, ಸುತ್ತಲೂ, ಸಾಮಾನ್ಯವಾಗಿ ನಾಲ್ಕು ಬಡಿಗಳು ತೂಗುತ್ತಿರುತ್ತವೆ. ಅಲೆ ಯಾವ ದಿಕ್ಕಿನಿಂದ ಬಂದು ಬೋಯ್ ಯಾವ ಕಡೆಗೆ ವಾಲಿದರೂ ಒಂದಲ್ಲ ಒಂದು ಬಡಿ ಹೋಗಿ ಬಡಿಯುತ್ತದೆ. ಅಕ್ಕಪಕ್ಕದಲ್ಲಿ ಇನ್ನೊಂದು ಬೋಯ್ ಇದ್ದರೆ ಗುರುತು ಕಲಸಿಹೋಗಬಾರದೆಂದು ಅದಕ್ಕೆ ಗಂಟೆಯ ಬದಲು ಜಾಗಟೆ ಕಟ್ಟುತ್ತಾರೆ. ಒಂದರ ಮೇಲೊಂದು ಮೂರೋ ನಾಲ್ಕೋ ಜಾಗಟೆ, ಒಂದೊಂದರದು ಒಂದೊಂದು ಸ್ವರ, ಪ್ರತಿಯೊಂದಕ್ಕೂ ಅದರದೇ ಬಡಿ. ಯಾವ ಬೋಯ್‌ಗೆ ಗಂಟೆ, ಯಾವುದಕ್ಕೆ ಜಾಗಟೆ, ಯಾವುದಕ್ಕೆ ಸೀಟಿ ಎಂಬುದನ್ನು ಸಮುದ್ರದ ನಕ್ಷೆಯಲ್ಲಿ ಬೋಯ್‌ನ ಪಕ್ಕದಲ್ಲೇ ಬರೆದಿರುತ್ತಾರೆ. ಮಂಜಿನಲ್ಲಿ ಸಿಕ್ಕಿದ ನಾವಿಕ ಮೊದಲು ಕಿವಿಗೊಟ್ಟು ಆಲಿಸಿ, ಆಮೇಲೆ ನಕ್ಷೆಯಲ್ಲಿ ತಾನೆಲ್ಲಿದ್ದೇನೆಂದು ಬೆರಳಿಡುತ್ತಾನೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಸೀಟಿಯ ಬೋಯ್. 1876ರ ಸುಮಾರಿಗೆ ನ್ಯೂಯಾರ್ಕಿನ ಜೆ. ಎಂ. ಕೋರ್ಟ್‌ನಿ ಎಂಬಾತ ರೂಪಿಸಿದ ಯಂತ್ರ ಇದು. ತೇಲುವ ಪೀಪಾಯಿಯ ಹೊಟ್ಟೆಯಿಂದ ಕೆಳಕ್ಕೆ ಒಂದು ಉದ್ದನೆಯ ಕೊಳವೆ ಇಳಿಬಿಟ್ಟಿರುತ್ತದೆ. ಉದ್ದವೆಂದರೆ ಹತ್ತು ಮೀಟರಿನಷ್ಟು. ಕೊಳವೆಯ ಕೆಳಬಾಯಿ ತೆರೆದೇ ಇರುತ್ತದೆ, ನೀರು ಒಳಗೆ ಏರಿ ನಿಂತಿರುತ್ತದೆ. ಅಲೆಯ ಕುಣಿತವೆಲ್ಲ ಮೇಲ್ಮೈಯಲ್ಲಿ ಜಾಸ್ತಿ, ಆಳಕ್ಕೆ ಹೋದಷ್ಟೂ ಅದು ಬೇಗ ಬೇಗ ಕರಗುತ್ತದೆ. ಎರಡು ಅಲೆಗಳ ನೆತ್ತಿಯ ನಡುವಿನ ದೂರದ ಅರ್ಧದಷ್ಟು ಕೆಳಗಿಳಿದರೆ ನೀರು ಹೆಚ್ಚುಕಡಿಮೆ ಶಾಂತ. ಆದ್ದರಿಂದ ಪೀಪಾಯಿ ಅಲೆಯ ಜೊತೆ ಮೇಲೆ ಕೆಳಗೆ ಹೋಗುತ್ತಿದ್ದರೂ ಕೊಳವೆಯೊಳಗಿನ ನೀರು ಅಷ್ಟಾಗಿ ಕದಲುವುದಿಲ್ಲ. ಪೀಪಾಯಿ ಮೇಲೆದ್ದಾಗ ಕೊಳವೆಯ ಮೇಲ್ಭಾಗದಲ್ಲಿ ಜಾಗ ಹೆಚ್ಚಿ ವಾಲ್ವಿನ ಮೂಲಕ ಹೊರಗಿನ ಗಾಳಿ ಒಳಕ್ಕೆ ಬರುತ್ತದೆ. ಕೆಳಗಿಳಿದಾಗ ವಾಲ್ವು ಮುಚ್ಚಿಕೊಳ್ಳುತ್ತದೆ, ನೀರಿನ ಕಂಬ ಗಾಳಿಯನ್ನು ಒತ್ತುತ್ತದೆ, ಗಾಳಿಗೆ ಉಳಿದಿರುವುದು ನೆತ್ತಿಯ ಸೀಟಿಯೊಂದೇ ದಾರಿ. ಕುಲುಮೆಯ ತಿದಿಯನ್ನು ಕಮ್ಮಾರನ ಬದಲು ಸಮುದ್ರವೇ ಒತ್ತಿದ ಹಾಗೆ. ಅಲೆ ಸಣ್ಣದಿದ್ದರೆ ನರಳಿಕೆ, ದೊಡ್ಡದಿದ್ದರೆ ಮೈಲಿಗಟ್ಟಲೆ ಕೇಳುವ ಊಳು.

ಎಂಜಿನಿಯರಿಂಗ್ ಓದುವ ಹುಡುಗರು ಇಲ್ಲಿ ಸ್ವಲ್ಪ ನಿಲ್ಲಬೇಕು. ಜಪಾನಿನ ಯೋಶಿಯೋ ಮಸೂದ ಇದೇ ಉಪಾಯದಲ್ಲಿ ಸೀಟಿಯ ಜಾಗಕ್ಕೆ ಗಾಳಿಯ ಟರ್ಬೈನು ಕೂರಿಸಿದ. ಅಲೆಯ ಉಸಿರಿನಿಂದಲೇ ಬೋಯ್‌ನ ದೀಪಕ್ಕೆ ಕರೆಂಟು ಸಿಕ್ಕಿತು. 1960ರ ದಶಕದಿಂದ ಅಂಥ ಬೋಯ್‌ಗಳು ಜಪಾನಿನಲ್ಲಿ ಮಾರುಕಟ್ಟೆಗೇ ಬಂದವು. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಮದ್ರಾಸ್ ಐಐಟಿಯವರು ಕಟ್ಟಿದ 150 ಕಿಲೋವಾಟಿನ ಅಲೆ ವಿದ್ಯುತ್ ಸ್ಥಾವರವೂ ಇದೇ ವಂಶದ್ದು. ಅಲ್ಲಿ ತೇಲುವ ಪೀಪಾಯಿಯ ಬದಲು ಕಾಂಕ್ರೀಟಿನ ಕೋಣೆ ಸ್ಥಿರವಾಗಿ ನಿಂತಿತ್ತು, ಒಳಗಿನ ನೀರು ಏರಿಳಿಯುತ್ತಿತ್ತು. ನ್ಯೂಯಾರ್ಕಿನ ಸೀಟಿಗೂ ವಿಳಿಂಜಂನ ಟರ್ಬೈನಿಗೂ ನಡುವೆ ನೂರು ವರ್ಷಕ್ಕೂ ಮಿಕ್ಕಿದ ಅಂತರವಿದೆ, ಉಪಾಯ ಮಾತ್ರ ಒಂದೇ.

ಇಷ್ಟೆಲ್ಲ ಜಾಣತನದ ಯಂತ್ರಕ್ಕೆ ಹುಟ್ಟಿನಿಂದಲೇ ಒಂದು ಊನವಿದೆ. ಮಂಜು ಕವಿಯುವುದು ಬಹಳ ಸಲ ಗಾಳಿ ಸತ್ತಾಗ. ಗಾಳಿಯಿಲ್ಲದಿದ್ದರೆ ಅಲೆ ಕಡಿಮೆ, ಅಲೆ ಕಡಿಮೆಯಾದರೆ ಸೀಟಿ ಮೌನ. ಎಲ್ಲಿಂದಲೋ ದೂರದ ಬಿರುಗಾಳಿಯ ಅಲೆ ಬಂದು ಅಲುಗಿಸಿದರಷ್ಟೇ ಉಂಟು. ಅಂದರೆ, ಬೇಕಾದ ಹೊತ್ತಿಗೆ ಬಾಯಿ ಕಟ್ಟಿಹೋಗುವ ಕಾವಲುಗಾರ. ಹಾಗಾಗಿ ಮುಖ್ಯವಾದ ಬಂಡೆ, ಬಂದರಿನ ಬಾಯಿಗಳ ಕಡೆ ದಡದ ಮೇಲೆ ಹಬೆಯ ಸೀಟಿ, ಫಾಗ್‌ಹಾರ್ನ್‌ಗಳನ್ನು ಕಟ್ಟಿದರು. ಕೆನಡಾದ ಸೇಂಟ್ ಜಾನ್ ಬಂದರಿನ ಪಾರ್ಟ್ರಿಜ್ ದ್ವೀಪದಲ್ಲಿ 1859ರಲ್ಲೇ ಹಬೆಯ ಸೀಟಿ ಕೂಗತೊಡಗಿತ್ತು. ಇವುಗಳ ಅಬ್ಬರಕ್ಕೆ ದಡದ ಊರಿನವರು ನಿದ್ದೆಗೆಟ್ಟು ದೂರು ಕೊಟ್ಟದ್ದೂ ಉಂಟು.

ನಮ್ಮ ಕರಾವಳಿಯ ಪರಿಸ್ಥಿತಿ ಇದಕ್ಕೆ ಸರಿಯಾಗಿ ತಿರುಗುಮುರುಗು. ಕಾರವಾರದಿಂದ ಉಳ್ಳಾಲದವರೆಗೆ ಅರಬ್ಬಿ ಸಮುದ್ರದ ನೀರು ವರ್ಷವಿಡೀ ಬೆಚ್ಚಗೇ ಇರುವುದರಿಂದ ಕಡಲ ಮಂಜು ಅಪರೂಪ. ಆದರೆ ಮುಂಗಾರಿನ ಅಲೆಗಳೋ ಆಳೆತ್ತರವನ್ನೂ ಮೀರುತ್ತವೆ. ಕೂಗಿಸಲು ಬೇಕಾದ ಅಲೆ ನಮ್ಮಲ್ಲಿ ಧಾರಾಳವಾಗಿದೆ, ಕೂಗು ಬೇಕೆನ್ನಿಸುವ ಮಂಜು ಇಲ್ಲ. ಮಳೆಯ ಪರದೆಯಲ್ಲಿ ಕಣ್ಣು ಕಾಣದಿರುವುದು ನಿಜ, ಆದರೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳ ಮೀನುಗಾರಿಕೆಗೇ ನಿಷೇಧ. ಆದ್ದರಿಂದ ಈ ಕರಾವಳಿ ಬೆಳಕನ್ನೇ ನಂಬಿ ಬೆಳೆಯಿತು. ಕಾರವಾರದ ಎದುರಿನ ದೇವಗಡ ದ್ವೀಪದ ದೀಪ 1864ರದ್ದು, ಕಾಪುವಿನದು 1901ರದ್ದು. ಕೂಗುವ ಬೋಯ್‌ಗೆ ಇಲ್ಲಿ ಹೆಚ್ಚು ಕೆಲಸ ಸಿಗಲಿಲ್ಲ.

ಗಾಳಿಯಲ್ಲಿ ಸಾಗುವ ಸದ್ದಿನ ಮೇಲೆ ಪೂರ್ತಿ ಭರವಸೆ ಇಡುವಂತೆಯೂ ಇಲ್ಲ. ಡಿಸೆಂಬರಿನ ಬೆಳಗಿನ ಜಾವ ದಾವಣಗೆರೆಯ ಹೊರವಲಯದಲ್ಲಿ ಮನೆ ಮಾಡಿರುವವರಿಗೆ ಇದು ಗೊತ್ತು. ಹಗಲಿಡೀ ಕೇಳಿಸದ ರೈಲಿನ ಹಾರ್ನು ಆಗ ಪಕ್ಕದ ಬೀದಿಯಲ್ಲೇ ಊದಿದಂತೆ ಕೇಳುತ್ತದೆ. ಊರು ನಿಶ್ಶಬ್ದವಾಗಿರುವುದು ಒಂದು ಕಾರಣ. ಇನ್ನೊಂದು, ರಾತ್ರಿ ನೆಲ ತಣ್ಣಗಾಗಿ ನೆಲದ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿರುತ್ತದೆ. ಸದ್ದು ಬೆಚ್ಚನೆಯ ಗಾಳಿಯಲ್ಲಿ ತುಸು ವೇಗವಾಗಿ ಹೋಗುವುದರಿಂದ ಮೇಲಕ್ಕೆ ಹೊರಟ ಅಲೆಗಳು ಬಾಗಿ ಮತ್ತೆ ನೆಲಕ್ಕೇ ಇಳಿಯುತ್ತವೆ. ಮಧ್ಯಾಹ್ನ ಇದು ಉಲ್ಟಾ. ಕಾದ ನೆಲದ ಮೇಲಿನ ಸದ್ದು ಮೇಲಕ್ಕೆ ಬಾಗಿ ನಮ್ಮ ತಲೆಯ ಮೇಲೆ ಹಾರಿಹೋಗುತ್ತದೆ. ಎದುರುಗಾಳಿ ಬೀಸುತ್ತಿದ್ದರೂ ಹಾಗೆಯೇ.

ಸಮುದ್ರದ ಮೇಲೆ ಇದು ಪ್ರಾಣದ ಪ್ರಶ್ನೆ. 1873ರಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಸೌತ್ ಫೋರ್ಲೆಂಡ್ ದೀಪಸ್ತಂಭದ ಬಳಿ ಕಹಳೆ, ಸೀಟಿ, ತೋಪುಗಳನ್ನು ಇಡಿಸಿ ಹಡಗಿನಲ್ಲಿ ದೂರ ದೂರ ಹೋಗುತ್ತ ಎಲ್ಲಿಯವರೆಗೆ ಕೇಳುತ್ತದೆಂದು ಪರೀಕ್ಷಿಸಿದ. ಆಕಾಶ ತಿಳಿಯಾಗಿದ್ದ ದಿನ ಹತ್ತಿರದಲ್ಲೇ ಸದ್ದು ಕಟ್ಟಾದದ್ದೂ ಇತ್ತು, ಮಬ್ಬು ಕವಿದ ದಿನ ಮೈಲಿಗಟ್ಟಲೆ ಕೇಳಿದ್ದೂ ಇತ್ತು. ಮಂಜು ಸದ್ದನ್ನು ನುಂಗುತ್ತದೆ ಎಂಬ ಹಳೆಯ ನಂಬಿಕೆ ಅಲ್ಲಿಗೆ ಬಿದ್ದುಹೋಯಿತು. ಇನ್ನೂ ತಮಾಷೆಯೆಂದರೆ, ಫಾಗ್‌ಹಾರ್ನ್ ಹತ್ತಿರದಲ್ಲಿ ಕೇಳಿ, ನಡುವಿನ ಒಂದು ಪಟ್ಟಿಯಲ್ಲಿ ಪೂರ್ತಿ ಮಾಯವಾಗಿ, ಅದರಾಚೆ ಮತ್ತೆ ಕೇಳುವುದುಂಟು. ಮೌನದ ಪಟ್ಟಿಯಲ್ಲಿ ಸಿಕ್ಕಿದ ಹಡಗಿನವನು ಬಂಡೆ ದೂರವಿದೆಯೆಂದು ನಂಬಿದರೆ ಕೆಟ್ಟ. ಸದ್ದು ಯಾವ ದಿಕ್ಕಿನದೆಂದು ಮಂಜಿನಲ್ಲಿ ಹೇಳುವುದೂ ಕಷ್ಟ. ಅದಕ್ಕೇ ಹಳೆಯ ನಾವಿಕರಿಗೆ ಕಲಿಸುತ್ತಿದ್ದ ಪಾಠ ಬಹಳ ಬಿಗಿ: ಕೂಗು ಕೇಳಿದರೆ ಅಪಾಯ ಇದೆಯೆಂದು ತಿಳಿ, ಕೇಳದಿದ್ದರೆ ಇಲ್ಲವೆಂದು ತಿಳಿಯಬೇಡ.

ಒಂದು ಚಂದದ ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರು ಎಂದು ಹಾಕುತ್ತೇವಲ್ಲ, ಅದನ್ನೇ ರೇಡಿಯೋ ಬಂದ ಮೇಲೆ ನಾವಿಕರೂ ಬಳಸಿದರು. ದೀಪಸ್ತಂಭದಿಂದ ರೇಡಿಯೋ ಸಂಕೇತವೂ ಫಾಗ್‌ಹಾರ್ನೂ ಒಂದೇ ಗಳಿಗೆಯಲ್ಲಿ ಹೊರಡುವಂತೆ ಏರ್ಪಾಡು ಮಾಡಿದರು. ರೇಡಿಯೋ ತಕ್ಷಣ ಬರುತ್ತದೆ, ಕೂಗು ತಡವಾಗಿ ಬರುತ್ತದೆ. ನಡುವಿನ ಸೆಕೆಂಡುಗಳನ್ನು ಐದೂವರೆಯಿಂದ ಭಾಗಿಸಿದರೆ ದೂರ ಎಷ್ಟು ನಾವಿಕ ಮೈಲಿ ಎಂಬುದು ಸಿಗುತ್ತದೆ. ಪೆನ್ಸಿಲ್ಲು, ಗಡಿಯಾರ, ಕಿವಿ, ಇಷ್ಟೇ ಸಲಕರಣೆ.

ಗಾಳಿ ಮೋಸ ಮಾಡಿದರೆ ನೀರಿದೆ. ನೀರಿನಲ್ಲಿ ಸದ್ದು ಗಾಳಿಯಲ್ಲಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. 1826ರಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ ಒಂದು ದೋಣಿಯಿಂದ ನೀರೊಳಗಿನ ಗಂಟೆ ಬಾರಿಸಿ, ಅದೇ ಗಳಿಗೆಗೆ ಮದ್ದು ಹೊತ್ತಿಸಿ, ಬಹುದೂರದ ಇನ್ನೊಂದು ದೋಣಿಯಿಂದ ಅಳೆದು ಸೆಕೆಂಡಿಗೆ 1,435 ಮೀಟರ್ ಎಂದು ಕಂಡುಹಿಡಿದರು. ಇದನ್ನು ನೆಚ್ಚಿ 1901ರಲ್ಲಿ ಬಾಸ್ಟನ್ನಿನಲ್ಲಿ ಸಬ್‌ಮರೀನ್ ಸಿಗ್ನಲ್ ಕಂಪನಿ ಶುರುವಾಯಿತು. ದೀಪದ ಹಡಗುಗಳ ಕೆಳಗೆ, ಬೋಯ್‌ಗಳ ಕೆಳಗೆ ನೀರಿನೊಳಗೇ ಗಂಟೆ ಇಳಿಬಿಟ್ಟರು. ಕೇಳುವ ಹಡಗಿನ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಮೈಕ್ರೋಫೋನು. ಅಧಿಕಾರಿ ಟೆಲಿಫೋನಿನಂಥ ರಿಸೀವರು ಕಿವಿಗಿಟ್ಟುಕೊಂಡು ಎಡ, ಬಲ ಬದಲಾಯಿಸುತ್ತ ಯಾವ ಕಡೆ ಜೋರೆಂದು ನೋಡುತ್ತಿದ್ದ. ಗಾಳಿಯಲ್ಲಿ ಸಿಗದ ದಿಕ್ಕು ನೀರಿನಲ್ಲಿ ಸಿಕ್ಕಿತು. ರೇಡಿಯೋ, ರೇಡಾರ್‌ಗಳು ಬಂದು ಈ ಗಂಟೆಗಳನ್ನು ಮೂಲೆಗೆ ತಳ್ಳಿದವು.

ಆದರೆ ಆ ವಿದ್ಯೆ ಸಾಯಲಿಲ್ಲ. ರೇಡಿಯೋ ಅಲೆಗೆ ಉಪ್ಪುನೀರು ದಾಟಲು ಆಗುವುದಿಲ್ಲ, ಸದ್ದಿಗೆ ಆಗುತ್ತದೆ. 2004ರ ಸುನಾಮಿಯ ನಂತರ ಭಾರತ ಬಂಗಾಳ ಕೊಲ್ಲಿಯಲ್ಲೂ ಅರಬ್ಬಿ ಸಮುದ್ರದಲ್ಲೂ ಇಟ್ಟ ಸುನಾಮಿ ಬೋಯ್‌ಗಳು ಕೆಲಸ ಮಾಡುವುದು ಹೀಗೆ. ಕಿಲೋಮೀಟರುಗಳ ಆಳದಲ್ಲಿ, ಸಮುದ್ರದ ತಳದ ಮೇಲೆ ಒಂದು ಒತ್ತಡಮಾಪಕ ಕೂತಿರುತ್ತದೆ. ಮೇಲೆ ಹಾದುಹೋಗುವ ನೀರಿನ ತೂಕದಲ್ಲಿ ಅಸಹಜ ಏರಿಳಿತ ಕಂಡರೆ ಅದು ಸದ್ದಿನ ಮಿಡಿತಗಳಲ್ಲಿ ಸುದ್ದಿಯನ್ನು ಮೇಲಿನ ಬೋಯ್‌ಗೆ ತಲುಪಿಸುತ್ತದೆ. ಬೋಯ್ ಅದನ್ನು ಉಪಗ್ರಹಕ್ಕೆ ದಾಟಿಸುತ್ತದೆ, ಉಪಗ್ರಹ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಸುನಾಮಿ ಎಚ್ಚರಿಕೆ ಕೇಂದ್ರಕ್ಕೆ. 2007ರ ಅಕ್ಟೋಬರಿನಿಂದ ನಡೆಯುತ್ತಿರುವ ಈ ಕೇಂದ್ರ ನಮಗಿಂತಲೂ ಸಮುದ್ರದಿಂದ ದೂರದ ಊರಿನಲ್ಲಿ ಕೂತು ಹಿಂದೂ ಮಹಾಸಾಗರಕ್ಕೆ ಕಿವಿಗೊಟ್ಟಿದೆ. ಒಳನಾಡಿನ ಜನಕ್ಕೆ ಕಡಲ ಉಸಾಬರಿ ಏಕೆ ಎನ್ನುವವರಿಗೆ ಹೈದರಾಬಾದೇ ಉತ್ತರ.

ಇಂಥ ಬೋಯ್‌ಗಳಿಗೆ ಅಲೆಗಿಂತ ದೊಡ್ಡ ಕಾಟ ಮನುಷ್ಯರದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ವರ್ಷಗಳಿಂದ ಹೇಳಿಕೊಂಡು ಬಂದಿರುವ ಗೋಳು ಇದು. ತೇಲುವ ವಸ್ತುವಿನ ನೆರಳಿಗೆ ಮೀನು ಸೇರುತ್ತವೆ, ಮೀನಿನ ಹಿಂದೆ ದೋಣಿ ಬರುತ್ತದೆ, ದೋಣಿಯ ಹಗ್ಗವನ್ನು ಬೋಯ್‌ಗೇ ಕಟ್ಟುತ್ತಾರೆ. ಸೋಲಾರ್ ಫಲಕ ಒಡೆಯುತ್ತದೆ, ಸಲಕರಣೆ ಕಾಣೆಯಾಗುತ್ತದೆ. ಕೇಡಿನ ಉದ್ದೇಶ ಇರಬೇಕೆಂದೇನೂ ಇಲ್ಲ. ಆ ಪೀಪಾಯಿ ತನ್ನ ಊರನ್ನೇ ಕಾಯುತ್ತಿದೆಯೆಂದು ದೋಣಿಯವನಿಗೆ ಯಾರೂ ಹೇಳಿರುವುದಿಲ್ಲ.

ಸ್ಕಾಟ್ಲೆಂಡಿನಲ್ಲಿ ಇದಕ್ಕೊಂದು ಹಳೆಯ ಐತಿಹ್ಯವಿದೆ. ಆರ್ಬ್ರೋತ್ ಊರಿನಿಂದ ಸುಮಾರು 18 ಕಿಲೋಮೀಟರ್ ದೂರದಲ್ಲಿ, ಭರತ ಬಂದಾಗ ಪೂರ್ತಿ ಮುಳುಗುವ ಇಂಚ್‌ಕೇಪ್ ಎಂಬ ಬಂಡೆ. ಅಲ್ಲಿನ ಮಠದ ಸ್ವಾಮಿಯೊಬ್ಬ ಅದರ ಮೇಲೆ ಗಂಟೆ ಕಟ್ಟಿಸಿದ, ಅಲೆ ಬಂದರೆ ಅದು ಬಾರಿಸುತ್ತಿತ್ತು. ಸ್ವಾಮಿಗೆ ಬಂದ ಹೆಸರು ಕಂಡು ಹೊಟ್ಟೆಯುರಿದ ಕಡಲುಗಳ್ಳನೊಬ್ಬ ಗಂಟೆ ಕತ್ತರಿಸಿ ಹಾಕಿದ, ಮುಂದೊಮ್ಮೆ ಮಂಜಿನಲ್ಲಿ ಅದೇ ಬಂಡೆಗೆ ಬಡಿದು ಮುಳುಗಿದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕವಿ ರಾಬರ್ಟ್ ಸದಿ ಇದನ್ನು ಪದ್ಯ ಮಾಡಿದ, ಶಾಲೆಯ ಇಂಗ್ಲಿಷ್ ಪಾಠದಲ್ಲಿ ಓದಿದವರು ನಮ್ಮಲ್ಲೂ ಇದ್ದಾರು. ಐತಿಹ್ಯದ ಮಾತು ಬಿಡಿ, ಚರಿತ್ರೆ ಇನ್ನೂ ಸ್ವಾರಸ್ಯವಾಗಿದೆ. ರಾಬರ್ಟ್ ಸ್ಟೀವನ್‌ಸನ್ ಎಂಬ ಎಂಜಿನಿಯರು, ನೀರು ಇಳಿದ ಕೆಲವೇ ಗಂಟೆಗಳಲ್ಲಿ ಕೆಲಸ ಮಾಡಿಸುತ್ತ, ಆ ಬಂಡೆಯ ಮೇಲೆ ಕಲ್ಲಿನ ದೀಪಸ್ತಂಭ ಎಬ್ಬಿಸಿದ. 1811ರ ಫೆಬ್ರವರಿ 1ರಂದು ದೀಪ ಹೊತ್ತಿತು. ದೀಪವನ್ನು ತಿರುಗಿಸುವ ಯಂತ್ರದಿಂದಲೇ ಮಂಜಿನ ದಿನ ಎರಡು ದೊಡ್ಡ ಗಂಟೆಗಳೂ ಬಾರಿಸುವಂತೆ ಏರ್ಪಾಡು ಮಾಡಿದ್ದ. ಬೆಳಕು ಬಂದಮೇಲೂ ಆತ ಗಂಟೆಯನ್ನು ಬಿಡಲಿಲ್ಲ.

ಈಗ ಬಿಡುವ ಕಾಲ ಬಂದಿದೆ ಎನ್ನುವವರಿದ್ದಾರೆ. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ತನ್ನ ಈಶಾನ್ಯ ಕರಾವಳಿಯಿಂದ ಸುಮಾರು 350 ಬೋಯ್‌ಗಳನ್ನು ತೆಗೆಯುವ ಪ್ರಸ್ತಾಪ ಮುಂದಿಟ್ಟಿತು. ಎಲ್ಲರ ಬಳಿಯೂ ಜಿಪಿಎಸ್ ಇದೆ, ಎಲೆಕ್ಟ್ರಾನಿಕ್ ನಕ್ಷೆ ಇದೆ, ನೀರಿನಲ್ಲಿ ಇಲ್ಲದೆ ಪರದೆಯ ಮೇಲೆ ಮಾತ್ರ ಕಾಣುವ ಬೋಯ್‌ಗಳೂ ಬಂದಿವೆ, ಇನ್ನು ಈ ಕಬ್ಬಿಣಕ್ಕೆ ಬಣ್ಣ ಹೊಡೆಯುತ್ತ ಕೂರುವುದೇಕೆ ಎಂಬುದು ವಾದ. ಸಣ್ಣ ದೋಣಿಯವರು, ಮೀನುಗಾರರು ಎದ್ದು ಕೂತರು. ಪರದೆ ಆರಿಹೋದರೆ ಏನು ಗತಿ ಎಂದು ಅವರು ಕೇಳಿದ್ದು ಬರಿಯ ಹಟದಿಂದಲ್ಲ. ಅದೇ ವರ್ಷ ಜೂನ್‌ನಲ್ಲಿ ಹಾರ್ಮುಜ್ ಜಲಸಂಧಿಯ ಸುತ್ತಮುತ್ತ ಹಡಗುಗಳ ಜಿಪಿಎಸ್ ಸಂಕೇತಗಳನ್ನು ಯಾರೋ ಕಲಕಿದರು. ಪರದೆಯ ಮೇಲೆ ಹಡಗುಗಳು ನೆಲದ ಮೇಲೂ ಓಡಾಡಿದವು. ನಮ್ಮಲ್ಲಿ ಮೀನುಗಾರಿಕೆ ದೋಣಿಗಳಿಗೆ ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರುಗಳನ್ನು ಕೂರಿಸುವ ಕೆಲಸ 2024ರಲ್ಲಿ ಶುರುವಾಗಿದೆ, ಗುರಿ ಒಂದು ಲಕ್ಷ ದೋಣಿ. ಒಳ್ಳೆಯ ಕೆಲಸ, ಆಗಲೇಬೇಕು. ಆದರೂ ಹಡಗುಗಳ ಅಂತರರಾಷ್ಟ್ರೀಯ ನಿಯಮಗಳಲ್ಲಿ ಇವತ್ತಿಗೂ ಸದ್ದಿನ ಅಧ್ಯಾಯ ಉಳಿದಿದೆ. ಕಣ್ಣು ಕಾಣದ ಹವೆಯಲ್ಲಿ ಎಂಜಿನ್ನಿನ ಹಡಗು ಚಲಿಸುತ್ತಿದ್ದರೆ ಎರಡು ನಿಮಿಷ ಮೀರದಂತೆ ಒಂದು ನೀಳ ಕೂಗು ಹಾಕಬೇಕು, ಲಂಗರು ಹಾಕಿ ನಿಂತಿದ್ದರೆ ನಿಮಿಷಕ್ಕೊಮ್ಮೆ ಸುಮಾರು ಐದು ಸೆಕೆಂಡು ಗಂಟೆ ಬಾರಿಸಬೇಕು. ಸಾವಿರಾರು ಕಂಟೇನರು ಹೊತ್ತ ಹಡಗಿಗೂ ಇದರಿಂದ ವಿನಾಯಿತಿ ಇಲ್ಲ.

ನಾವೇನೂ ಸದ್ದಿನ ಸಂಕೇತಕ್ಕೆ ಹೊಸಬರಲ್ಲ. ದಾವಣಗೆರೆ ಹತ್ತಿ ಮಿಲ್ಲುಗಳ ಸೈರನ್ನಿಗೆ ಊಟ, ನಿದ್ದೆ ಹೊಂದಿಸಿಕೊಂಡಿದ್ದ ಊರು. ಗಡಿಯಾರವಿಲ್ಲದ ಮನೆಗೂ ಪಾಳಿ ಬದಲಾದದ್ದು ಗೊತ್ತಾಗುತ್ತಿತ್ತು. ಮಿಲ್ಲುಗಳ ಬಾಗಿಲು ಮುಚ್ಚಿದ ಮೇಲೆ ಆ ಕೂಗು ನಿಂತಿತು. ರೈಲಿನ ಹಳಿಯ ಪಕ್ಕದಲ್ಲಿ ಹಿಂದಿಯಲ್ಲಿ ಸೀ/ಫಾ ಎಂದು ಬರೆದ ಹಳದಿ ಹಲಗೆ ಕಂಡಿರಬಹುದು, ಮುಂದೆ ಗೇಟಿದೆ, ಸೀಟಿ ಹಾಕು ಎಂದು ಚಾಲಕನಿಗೆ ಅಪ್ಪಣೆ. ರೈಲ್ವೆಯ ಬಳಿ ಇದಕ್ಕಿಂತ ಕಟುವಾದ ಸಾಧನವೂ ಇದೆ. ಮಂಜು ಕವಿದ ದಿನ ಸಿಗ್ನಲ್ಲಿಗೆ 270 ಮೀಟರ್ ಮೊದಲೇ, ಹತ್ತು ಮೀಟರ್ ಅಂತರದಲ್ಲಿ ಎರಡು ಸಿಡಿಮದ್ದಿನ ಬಿಲ್ಲೆಗಳನ್ನು ಹಳಿಯ ಮೇಲೆ ಕಟ್ಟುತ್ತಾರೆ. ಎಂಜಿನ್ನಿನ ಚಕ್ರ ಹತ್ತಿದರೆ ಢಂ ಢಂ. ಸಿಗ್ನಲ್ ಹತ್ತಿರ ಬಂತು ಎಂದು ಚಾಲಕನಿಗೆ ತಿಳಿಯುತ್ತದೆ. ಉತ್ತರ ಭಾರತದ ಚಳಿಗಾಲದಲ್ಲಿ ಇದು ಮಾಮೂಲು. ಅಲ್ಲೂ ಈಗ ಜಿಪಿಎಸ್ ಪೆಟ್ಟಿಗೆಗಳು ಬಂದಿವೆ, ಬಿಲ್ಲೆಗಳನ್ನು ಮಾತ್ರ ಕೈಬಿಟ್ಟಿಲ್ಲ.

ನಮಗೆ ಅಪಾಯ ಬರುವುದು ಕಡಲಿನಿಂದಲ್ಲ, ಹೊಳೆಯಿಂದ. ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರ ಹುಟ್ಟಿಯೂ ಅದಕ್ಕೆ ಬೆನ್ನು ತಿರುಗಿಸಿ ಬರುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರಿ ಹರಿಹರಕ್ಕೆ ಬರುತ್ತವೆ. ಭದ್ರಾ ಅಣೆಕಟ್ಟೆಯ ಹೊಟ್ಟೆ ದೊಡ್ಡದು, 71 ಟಿಎಂಸಿಗೂ ಹೆಚ್ಚು, ಅದು ತುಂಬುವವರೆಗೆ ನೀರು ಹಿಡಿದಿಡುತ್ತದೆ. ಗಾಜನೂರಿನ ತುಂಗಾ ಅಣೆಕಟ್ಟೆಯದು 3.24 ಟಿಎಂಸಿ ಮಾತ್ರ. ಶೃಂಗೇರಿ ಕಡೆ ಎರಡು ದಿನ ಜೋರು ಮಳೆಯಾದರೆ ಗೇಟು ಎತ್ತದೆ ಗತಿಯಿಲ್ಲ. ಆಗ ಹರಿಹರದ ಹಳೆಯ ಸೇತುವೆಯ ಕಮಾನುಗಳಡಿ ಹೊಳೆ ಬಣ್ಣ ಬದಲಿಸುತ್ತದೆ, ಉಕ್ಕಡಗಾತ್ರಿಯಿಂದ ಪತ್ತೇಪುರಕ್ಕೆ ಹೋಗುವ ರಸ್ತೆ ನೀರಿನಡಿ ಹೋಗುತ್ತದೆ. ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಬಂದ ಪರಊರಿನ ಭಕ್ತರಿಗೆ ಅದು ಗೊತ್ತಿರುವುದಿಲ್ಲ. ಎಚ್ಚರಿಕೆಗೆ ಡಂಗುರ, ಆಟೋದ ಮೇಲಿನ ಮೈಕು, ಪೊಲೀಸರ ಬ್ಯಾರಿಕೇಡು, ವಾಟ್ಸ್‌ಆ್ಯಪ್ ಸಂದೇಶ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳೆಲ್ಲ ಒಮ್ಮೆಗೇ ವಿಕಾರವಾಗಿ ಅರಚಿದ್ದು ನೆನಪಿರಬೇಕು. ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಒಳ್ಳೆಯ ವ್ಯವಸ್ಥೆಯೇ, ಆದರೆ ಟವರಿಗೆ ಕರೆಂಟು ಬೇಕು, ಜೇಬಿನ ಫೋನಿಗೆ ಚಾರ್ಜು ಬೇಕು, ಮೇಲೆ ಕೂತ ಅಧಿಕಾರಿ ಗುಂಡಿ ಒತ್ತಬೇಕು.

ಸೀಟಿಯ ಬೋಯ್‌ಗೆ ಇದು ಯಾವುದೂ ಬೇಡ, ಅಲೆಯೇ ಅದನ್ನು ಕೂಗಿಸುತ್ತದೆ. ಹೊಳೆಯಲ್ಲಿ ಕಡಲಿನಂಥ ಅಲೆ ಇಲ್ಲ, ಒಪ್ಪಿದೆ. ಆದರೆ ಏರುವ ನೀರಿದೆ. ಹೀಗೆ ಮುಳುಗುವ ರಸ್ತೆ, ಸೇತುವೆಗಳ ಎರಡೂ ತುದಿಗೆ ಒಂದೊಂದು ಕಬ್ಬಿಣದ ಕೊಳವೆ, ಅದರೊಳಗೊಂದು ತೇಲುಬುರುಡೆ, ನೀರು ಗುರುತಿನ ಮಟ್ಟಕ್ಕೆ ಬಂದಾಗ ಬುರುಡೆ ಮೇಲೆದ್ದು ಸ್ವಿಚ್ಚು ಒತ್ತಿ, ಸೋಲಾರ್ ಬ್ಯಾಟರಿಯ ಸೈರನ್ನು ಕೂಗುವಂತೆ ಮಾಡಿದರೆ ಸಾಕು. ಮನೆಯ ಓವರ್‌ಹೆಡ್ ಟ್ಯಾಂಕಿನಲ್ಲಿ ಮೋಟಾರು ಆಫ್ ಮಾಡುವ ಸಾಮಾನೇ ಇದಕ್ಕೂ ಆಗುತ್ತದೆ. 1941ರಲ್ಲಿ ಶುರುವಾದ ಕಿರ್ಲೋಸ್ಕರ್ ಕಾರ್ಖಾನೆಯಿಂದ ದೇಶಕ್ಕೆಲ್ಲ ಲೇತು ಕಳಿಸಿದ ಊರು ಹರಿಹರ, ಅಲ್ಲಿನ ಐಟಿಐ ಹುಡುಗರಿಗೆ ಒಂದು ವಾರದ ಕೆಲಸವೂ ಅಲ್ಲ. ಗಾಳಿ ಎದುರಾದರೆ ಆಚೆ ದಡಕ್ಕೆ ಕೇಳಲಿಕ್ಕಿಲ್ಲ, ಅದಕ್ಕೇ ಎರಡೂ ತುದಿಗೆ ಬೇಕು ಎಂದದ್ದು. ಬ್ಯಾಟರಿ ಕದಿಯುವವರ ಭಯ ಇದ್ದೇ ಇದೆ, ಅದನ್ನು ಕಂಬದ ನೆತ್ತಿಗೆ ಏರಿಸಬೇಕು, ಏಕೆ ಇಟ್ಟಿದ್ದೇವೆಂದು ದಡದ ಹಳ್ಳಿಯವರಿಗೆ ಮೊದಲೇ ಹೇಳಬೇಕು. ಹೊಳೆಯ ಒಂದು ದಡ ದಾವಣಗೆರೆ ಜಿಲ್ಲೆ, ಇನ್ನೊಂದು ಹಾವೇರಿ. ಯಾವ ಪಂಚಾಯಿತಿ ಯಾವ ಲೆಕ್ಕದಲ್ಲಿ ಖರ್ಚು ಹಾಕಬೇಕೆಂಬ ಚರ್ಚೆ ಮುಂಗಾರಿಗೆ ಮುಂಚೆ ಮುಗಿದರೆ ಒಳ್ಳೆಯದು.